ವೈಸರ್ ಒಳಗೆ ಮಂಜು ಯಾಕೆ ಕಟ್ಟುತ್ತದೆ, ಕಟ್ಟದ ಹಾಗೆ ಏನು ಮಾಡಬೇಕು

ಹೆಲ್ಮೆಟ್ ವೈಸರ್, ಅಂದರೆ ಕಣ್ಣಿನ ಮುಂದೆ ಬರುವ ಪಾರದರ್ಶಕ ಹಾಳೆಯ ಒಳಗೆ ಮಂಜು ಕಟ್ಟಿದಾಗ ಕಾಣುವ ಆ ನೀರು ಮಳೆಯದಲ್ಲ. ನಿಮ್ಮ ಉಸಿರಿನದು. ಇದೊಂದು ವಿಷಯ ಸರಿಯಾಗಿ ತಲೆಗೆ ಹೋದರೆ ಮುಂದಿನದೆಲ್ಲ ಸುಲಭ. ಯಾವ ಸ್ಪ್ರೇ ಕೆಲಸ ಮಾಡುತ್ತದೆ, ಯಾವುದು ಸುಮ್ನೆ ದುಡ್ಡು ದಂಡ, ವೆಂಟ್ (ಗಾಳಿ ಆಡುವ ಕಿಂಡಿ) ತೆರೆದಿದ್ದರೂ ಸಿಗ್ನಲ್‌ನಲ್ಲಿ ನಿಂತ ಕೂಡಲೇ ಯಾಕೆ ಎಲ್ಲ ಬೆಳ್ಳಗಾಗುತ್ತದೆ, ಗೆಳೆಯನಿಗೆ ಚೆನ್ನಾಗಿ ಕೆಲಸ ಮಾಡಿದ ಉಪಾಯ ನಿಮಗೆ ಯಾಕೆ ಕೈ ಕೊಡುತ್ತದೆ, ಎಲ್ಲಕ್ಕೂ ಉತ್ತರ ಅಲ್ಲೇ ಇದೆ.

ಇದು ಸಣ್ಣ ಕಿರಿಕಿರಿಯ ವಿಷಯ ಅಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕ್ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ದಾಟುತ್ತದೆ. ಎರಡು ಸೆಕೆಂಡ್ ಎದುರಿಗೆ ಏನೂ ಕಾಣಲಿಲ್ಲ ಅಂದರೆ 28 ಮೀಟರ್ ಕಣ್ಣು ಮುಚ್ಚಿಕೊಂಡೇ ಹೋದಂತಾಯಿತು. ಬ್ರೇಕ್, ಟಯರ್, ಹೆಡ್‌ಲೈಟ್ ಬಗ್ಗೆ ಎಷ್ಟೆಲ್ಲ ಕಾಳಜಿ ಮಾಡುತ್ತೇವೆ, ನೋಡುವ ಕಿಟಕಿಯ ಬಗ್ಗೆ ಮಾತ್ರ ಮಳೆ ಬರುವ ತನಕ ಯೋಚನೆಯೇ ಮಾಡುವುದಿಲ್ಲ.

ಮೊದಲು ಉಸಿರಿನ ಲೆಕ್ಕ ನೋಡೋಣ. ನಾವು ಬಿಡುವ ಗಾಳಿ ಸುಮಾರು 34 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಜೊತೆಗೆ ಆ ಬಿಸಿಯಲ್ಲಿ ಗಾಳಿ ಎಷ್ಟು ತೇವ ಹಿಡಿದಿಟ್ಟುಕೊಳ್ಳಬಲ್ಲದೋ ಹೆಚ್ಚುಕಡಿಮೆ ಅಷ್ಟೂ ತೇವ ಅದರಲ್ಲಿರುತ್ತದೆ. ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ 37 ಗ್ರಾಂ ಹತ್ತಿರ ನೀರಾವಿ. ಅದೇ ಗಾಳಿ 20 ಡಿಗ್ರಿಗೆ ಇಳಿದರೆ 17 ಗ್ರಾಂ ಮಾತ್ರ ಹಿಡಿಯುತ್ತದೆ. 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ. ಉಳಿದ ನೀರು ಎಲ್ಲಿಗೆ ಹೋಗಬೇಕು? ಹತ್ತಿರದಲ್ಲಿ ಯಾವ ತಣ್ಣನೆ ವಸ್ತು ಸಿಗುತ್ತದೋ ಅದರ ಮೇಲೆ ಕೂರುತ್ತದೆ. ನಿಮ್ಮ ಬಾಯಿಯ ಎದುರು ನಾಲ್ಕು ಬೆರಳ ದೂರದಲ್ಲಿ ಇರುವ ತಣ್ಣನೆ ವಸ್ತು ವೈಸರ್. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತದಲ್ಲ, ಅದೇ ಕತೆ.

ಗಾಳಿ ಯಾವ ಮಟ್ಟಕ್ಕೆ ತಣ್ಣಗಾದರೆ ಅದರಲ್ಲಿರುವ ಆವಿ ನೀರಾಗಲು ಶುರುವಾಗುತ್ತದೋ ಅದನ್ನು ಇಬ್ಬನಿ ಬಿಂದು ಅನ್ನುತ್ತಾರೆ. ವೈಸರ್ ಒಳಮೈ ಈ ಬಿಂದುವಿಗಿಂತ ಬೆಚ್ಚಗಿದ್ದರೆ ಮಂಜು ಇಲ್ಲ, ತಣ್ಣಗಿದ್ದರೆ ಮಂಜು ಗ್ಯಾರಂಟಿ. ಹಾಗಾಗಿ ಹೊರಗೆ ಮೈ ಕೊರೆಯುವ ಚಳಿಯೇ ಇರಬೇಕು ಅಂತಿಲ್ಲ. ಹಿತವಾದ ಹವೆಯಲ್ಲೂ ಮಳೆ ಬಂದರೆ ಸಾಕು, ಗಾಳಿ ಮತ್ತು ನೀರು ಸೇರಿ ವೈಸರನ್ನು ತಣ್ಣಗೆ ಮಾಡಿಬಿಡುತ್ತವೆ. ವೈಸರ್ ಅಂದರೆ ಸುಮಾರು ಎರಡು ಮಿಲಿಮೀಟರ್ ದಪ್ಪದ, ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ಕಿನ ಹಾಳೆ. ಅಷ್ಟು ತೆಳ್ಳಗಿರುವುದರಿಂದ ಹೊರಗಿನ ತಂಪು ಒಳಮೈಗೆ ಬರಲು ಜಾಸ್ತಿ ಹೊತ್ತು ಬೇಡ.

ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಬಿಡುತ್ತಾನೆ. ಮೇಲಿನ ಲೆಕ್ಕ ಹಾಕಿದರೆ ಅದರಲ್ಲಿ ಕಾಲು ಗ್ರಾಂ ಆಸುಪಾಸು ನೀರಿರುತ್ತದೆ. ಇಪ್ಪತ್ತು ನಿಮಿಷಕ್ಕೆ ಒಂದು ಟೀ ಚಮಚದಷ್ಟು ನೀರಾಯಿತು. ಅಷ್ಟೂ ವೈಸರ್ ಮೇಲೆ ಕೂರುವುದಿಲ್ಲ, ಸರಿ. ಆದರೆ ವೈಸರ್ ಬೆಳ್ಳಗಾಗಲು ಅದರ ಚೂರೇ ಚೂರು ಸಾಕು. ಟ್ರಾಫಿಕ್‌ನಲ್ಲಿ ಬೈಕ್ ತಳ್ಳಾಡಿಕೊಂಡು ಏದುಸಿರು ಬಿಡುತ್ತಿದ್ದರೆ ಲೆಕ್ಕ ಇನ್ನೂ ಏರುತ್ತದೆ.

ಈಗ ಒಂದು ಪ್ರಶ್ನೆ. ನೀರು ಪಾರದರ್ಶಕ ತಾನೇ? ಹಾಗಿದ್ದರೆ ನೀರು ಕೂತ ವೈಸರ್ ಯಾಕೆ ಬೆಳ್ಳಗೆ ಕಾಣುತ್ತದೆ? ನೀರು ಹಾಳೆಯಂತೆ ಸಮನಾಗಿ ಹರಡಿದ್ದರೆ ನಿಜವಾಗಿಯೂ ತೊಂದರೆ ಇರುತ್ತಿರಲಿಲ್ಲ. ಆದರೆ ಪಾಲಿಕಾರ್ಬೊನೇಟಿಗೆ ನೀರನ್ನು ಹತ್ತಿರ ಸೇರಿಸಿಕೊಳ್ಳುವ ಗುಣ ಕಡಿಮೆ. ಅದರ ಮೇಲೆ ನೀರು ಹರಡುವುದಿಲ್ಲ, ಲಕ್ಷಾಂತರ ಪುಟ್ಟ ಪುಟ್ಟ ಹನಿಗಳಾಗಿ ನಿಲ್ಲುತ್ತದೆ. ಒಂದೊಂದು ಹನಿಯೂ ತನ್ನ ಮೇಲೆ ಬಿದ್ದ ಬೆಳಕನ್ನು ಬೇರೆ ಬೇರೆ ದಿಕ್ಕಿಗೆ ಚದುರಿಸುತ್ತದೆ. ರಾತ್ರಿ ಎದುರಿಂದ ಹೆಡ್‌ಲೈಟ್ ಬಂದಾಗ ವೈಸರ್ ತುಂಬ ಬೆಳಕು ಹರಡಿಕೊಂಡು ರಸ್ತೆಯೇ ಮಾಯವಾಗುವುದು ಇದೇ ಕಾರಣಕ್ಕೆ. ಒಳಮೈಯಲ್ಲಿ ಮುಖದ ಎಣ್ಣೆ, ಧೂಳು, ಬೆರಳಚ್ಚು, ಗೀರು ಇದ್ದರೆ ಹನಿಗಳಿಗೆ ಕೂರಲು ಇನ್ನೂ ಒಳ್ಳೆಯ ಜಾಗ ಸಿಕ್ಕಂತೆ. ಅದಕ್ಕೇ ಕೊಳೆಯಾದ ವೈಸರ್ ಮೇಲೆ ಮಂಜು ಬೇಗ ಕಟ್ಟುತ್ತದೆ.

ಹಾಗಾಗಿ ನಮ್ಮ ಮುಂದಿರುವ ದಾರಿಗಳು ನಾಲ್ಕೇ. ಉಸಿರು ವೈಸರಿಗೆ ತಾಗದ ಹಾಗೆ ನೋಡಿಕೊಳ್ಳುವುದು. ತಾಗಿದ್ದನ್ನು ಗಾಳಿ ಆಡಿಸಿ ಹೊರಗೆ ಕಳಿಸುವುದು. ಕೂತ ನೀರು ಹನಿಯಾಗದೆ ಹಾಳೆಯಾಗುವಂತೆ ಮಾಡುವುದು. ಅಥವಾ ಒಳಮೈಯನ್ನೇ ಬೆಚ್ಚಗಿಡುವುದು. ಅಂಗಡಿಯಲ್ಲಿ ಸಿಗುವ ಯಾವ ವಸ್ತುವನ್ನೇ ತೆಗೆದುಕೊಳ್ಳಿ, ಅದು ಈ ನಾಲ್ಕರಲ್ಲಿ ಒಂದನ್ನೋ ಎರಡನ್ನೋ ಮಾಡುತ್ತಿರುತ್ತದೆ. ನನ್ನ ಪ್ರಕಾರ ಕೊನೆಯದೇ ನಿಜವಾದ ಪರಿಹಾರ. ಉಳಿದ ಮೂರು ಅದಕ್ಕೆ ಕೈಜೋಡಿಸುವಂಥವು. ಆದರೆ ಆ ಮೂರನ್ನು ಬಿಟ್ಟು ಬರೀ ಕೊನೆಯದನ್ನೇ ನಂಬಿಕೊಂಡರೂ ಆಗುವುದಿಲ್ಲ.

ಅದಕ್ಕೂ ಮೊದಲು, ಗ್ಲೌಸ್ ಹಾಕಿದ ಬೆರಳು ತೂರಿಸಿ ಒಳಗಡೆ ಒರೆಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಒರೆಸಿದ ಜಾಗ ಮತ್ತೆ ಒಂದೆರಡು ಉಸಿರಿಗೆ ಬೆಳ್ಳಗಾಗುತ್ತದೆ, ಯಾಕೆಂದರೆ ವೈಸರ್ ಇನ್ನೂ ತಣ್ಣಗೇ ಇದೆ, ಉಸಿರು ಇನ್ನೂ ಒದ್ದೆಯೇ ಇದೆ. ಆದರೆ ಗ್ಲೌಸಿಗೆ ಅಂಟಿದ ಮರಳಿನ ಕಣ ಮಾಡಿದ ಗೀರು ಮಾತ್ರ ಹಾಗೇ ಉಳಿಯುತ್ತದೆ. ಪಾಲಿಕಾರ್ಬೊನೇಟ್ ಪೆಟ್ಟು ತಡೆಯುವುದರಲ್ಲಿ ಗಟ್ಟಿ, ಗೀರು ತಡೆಯುವುದರಲ್ಲಿ ಮೆತ್ತಗೆ. ಗೀರು ಬೀಳದಿರಲಿ ಅಂತಲೇ ಅದರ ಮೇಲೆ ಗಟ್ಟಿ ಲೇಪ ಹಾಕಿರುತ್ತಾರೆ. ಒಳಮೈಗೆ ಮಂಜು ತಡೆಯುವ ಲೇಪ ಹಾಕಿದ ವೈಸರ್ ಆದರೆ, ಸಾಮಾನ್ಯವಾಗಿ ಆ ಲೇಪ ಹೊರಗಿನದಕ್ಕಿಂತ ಇನ್ನೂ ಮೆತ್ತಗೆ. ಒರೆಸಿ ಒರೆಸಿ ಅದನ್ನೇ ಕಿತ್ತುಹಾಕಿದಂತಾಗುತ್ತದೆ.

ಉಸಿರಿನಿಂದ ಶುರು ಮಾಡೋಣ. ಬಾಯಿಂದ ಬಿಟ್ಟ ಉಸಿರು ನೇರ ಮುಂದಕ್ಕೆ ಹೋಗಿ ವೈಸರ್ ಕೆಳಭಾಗಕ್ಕೆ ಬಡಿಯುತ್ತದೆ. ಮೂಗಿನಿಂದ ಬಿಟ್ಟರೆ ಕೆಳಕ್ಕೆ, ಗದ್ದದ ಕಡೆಗೆ ಹೋಗುತ್ತದೆ. ಹಾಗಾಗಿ ಮಂಜು ಕಟ್ಟುವ ಹವೆಯಲ್ಲಿ ಮೂಗಿನಿಂದಲೇ ಉಸಿರಾಡಿ. ಕೇಳಲು ತೀರಾ ಸಣ್ಣ ಸಲಹೆ, ಆದರೆ ಕಾಸು ಖರ್ಚಿಲ್ಲದೆ ಇಷ್ಟು ವ್ಯತ್ಯಾಸ ಮಾಡುವುದು ಇನ್ನೊಂದಿಲ್ಲ. ಹೆಲ್ಮೆಟ್ ಒಳಗೆ ಬ್ಲೂಟೂತ್‌ನಲ್ಲಿ ಒಂದೇ ಸಮ ಮಾತಾಡಿಕೊಂಡು ಹೋಗುವವರಿಗೆ ಮಂಜು ಯಾಕೆ ಜಾಸ್ತಿ ಅಂತಲೂ ಇದರಿಂದ ಗೊತ್ತಾಗುತ್ತದೆ ಅಲ್ವಾ.

ಬ್ರೆತ್ ಗಾರ್ಡ್ ಅಂತ ಒಂದು ಚಿಕ್ಕ ರಬ್ಬರ್ ತುಂಡು ಬರುತ್ತದೆ, ಮೂಗಿನ ಮೇಲೆ ಕೂರುವಂಥದ್ದು. ಹಲವು ಹೆಲ್ಮೆಟ್‌ಗಳ ಡಬ್ಬಿಯಲ್ಲೇ ಕೊಟ್ಟಿರುತ್ತಾರೆ, ಬಹಳಷ್ಟು ಜನ ಅದು ಏನು ಅಂತ ಗೊತ್ತಿಲ್ಲದೆ ಡಬ್ಬಿಯಲ್ಲೇ ಬಿಡುತ್ತಾರೆ. ಗದ್ದದ ಭಾಗದ ಅಂಚಿಗೆ ಸಿಕ್ಕಿಸಿದರೆ ಅದು ಮೇಲಕ್ಕೆ ಏರುವ ಉಸಿರನ್ನು ತಡೆದು ಕೆಳಕ್ಕೆ ತಿರುಗಿಸುತ್ತದೆ. ಮೂಗಿಗೂ ಅದಕ್ಕೂ ನಡುವೆ ಬೆರಳು ಹೋಗುವಷ್ಟು ಸಂದಿ ಇದ್ದರೆ ಪ್ರಯೋಜನ ಇಲ್ಲ, ಮೂಗಿನ ಮೇಲೆ ಮೆಲ್ಲಗೆ ಒತ್ತಿ ಕೂರಬೇಕು. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಸವಾರರ ಹೆಲ್ಮೆಟ್‌ಗಳಲ್ಲಿ ಇದನ್ನೇ ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಬಾಯಿ, ಮೂಗು ಎರಡನ್ನೂ ಮುಚ್ಚುವ ಪೆಟ್ಟಿಗೆಯಂಥದ್ದನ್ನು ಇಟ್ಟು ಉಸಿರನ್ನು ಬದಿಯಿಂದ ಹೊರಗೆ ಬಿಡುತ್ತಾರೆ, ವೈಸರ್ ಕಡೆ ಹೋಗಲು ಬಿಡುವುದೇ ಇಲ್ಲ.

ಚಳಿಗೆ ಅಂತ ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುವವರು ಒಂದು ವಿಷಯ ಗಮನಿಸಿ. ಬಟ್ಟೆ ಮೂಗಿನ ಮೇಲೆ ಸಡಿಲವಾಗಿದ್ದರೆ ಉಸಿರು ಕೆನ್ನೆಯ ಮೇಲಿಂದ ಮೇಲಕ್ಕೆ ನುಗ್ಗಿ ನೇರ ವೈಸರಿಗೂ ಕನ್ನಡಕಕ್ಕೂ ಹೋಗುತ್ತದೆ. ಬಟ್ಟೆಯನ್ನು ಮೂಗಿನ ಕೆಳಗೆ ಇಳಿಸಿ, ಇಲ್ಲವೇ ಮೂಗಿನ ಸೇತುವೆ ಹತ್ತಿರ ಗಟ್ಟಿಯಾಗಿ ಕೂರುವಂಥದ್ದನ್ನೇ ಹಾಕಿಕೊಳ್ಳಿ.

ಉಸಿರಲ್ಲದೆ ತೇವದ ಇನ್ನೊಂದು ಮೂಲ ಹೆಲ್ಮೆಟ್ಟೇ. ನಿನ್ನೆ ಮಳೆಯಲ್ಲಿ ನೆಂದ ಒಳಪ್ಯಾಡ್ ಒಣಗದೆ ಇವತ್ತು ಹಾಕಿಕೊಂಡರೆ, ತಲೆಯ ಬಿಸಿಗೆ ಆ ನೀರೆಲ್ಲ ಆವಿಯಾಗಿ ಮೇಲೇಳುತ್ತದೆ. ಒದ್ದೆ ಕೂದಲಿಗೂ ಇದೇ ಮಾತು. ಈ ಥರ ಮಂಜು ಕಟ್ಟುತ್ತಿದ್ದರೆ ನೀವು ಎಷ್ಟೇ ಮೂಗಿನಿಂದ ಉಸಿರಾಡಿದರೂ ನಿಲ್ಲುವುದಿಲ್ಲ. ಪ್ಯಾಡ್ ಬಿಚ್ಚಲು ಬರುವಂತಿದ್ದರೆ ಬಿಚ್ಚಿ ಫ್ಯಾನ್ ಕೆಳಗೆ ಒಣಗಿಸಿ. ಹೆಲ್ಮೆಟನ್ನು ಮುಚ್ಚಿದ ಡಿಕ್ಕಿಯಲ್ಲೋ ಚೀಲದಲ್ಲೋ ಒದ್ದೆಯಾಗಿಯೇ ಇಡಬೇಡಿ, ಹೀಟರ್ ಎದುರಿಗೂ ಹಿಡಿಯಬೇಡಿ, ಜಾಸ್ತಿ ಬಿಸಿಯಾದರೆ ಒಳಗಿನ ಥರ್ಮೋಕೋಲ್ ಪದರ ಹಾಳಾಗುತ್ತದೆ.

ಈಗ ಗಾಳಿಯ ವಿಷಯ. ಗದ್ದದ ಹತ್ತಿರ ಇರುವ ವೆಂಟ್ ಬಾಯಿಗೆ ತಂಪು ಗಾಳಿ ಕೊಡಲು ಮಾತ್ರ ಇರುವುದಲ್ಲ. ಒಳ್ಳೆಯ ಹೆಲ್ಮೆಟ್‌ನಲ್ಲಿ ಅಲ್ಲಿಂದ ಬಂದ ಗಾಳಿ ವೈಸರ್ ಒಳಮೈಯನ್ನು ಸವರಿಕೊಂಡು ಮೇಲಕ್ಕೆ ಹೋಗುವ ಹಾಗೆ ದಾರಿ ಮಾಡಿರುತ್ತಾರೆ. ಹಿಂದಿನ ವೆಂಟ್‌ಗಳಿಂದ ಅದು ಹೊರಗೆ ಹೋಗುತ್ತದೆ. ಮುಂದಿನದನ್ನು ತೆರೆದು ಹಿಂದಿನದನ್ನು ಮುಚ್ಚಿದರೆ ಗಾಳಿ ಸರಿಯಾಗಿ ಹರಿಯುವುದಿಲ್ಲ. ಎರಡೂ ತೆರೆದಿರಬೇಕು.

ಆದರೆ ಇದೆಲ್ಲ ಬೈಕ್ ಓಡುತ್ತಿದ್ದಾಗ ಮಾತ್ರ. ನಿಂತ ಕೂಡಲೇ ಗಾಳಿಯೂ ನಿಲ್ಲುತ್ತದೆ, ಉಸಿರು ಅಲ್ಲೇ ಸುತ್ತುತ್ತದೆ, ವೈಸರ್ ಅಷ್ಟು ಹೊತ್ತಿನ ಓಟದಲ್ಲಿ ಚೆನ್ನಾಗಿ ತಣ್ಣಗಾಗಿರುತ್ತದೆ. ಸಿಗ್ನಲ್‌ನಲ್ಲಿ ಮಂಜು ದಿಢೀರ್ ಅಂತ ಕಟ್ಟುವುದು ಇದಕ್ಕೇ. ಇದಕ್ಕೆ ಸುಲಭದ ಉಪಾಯ, ನಿಂತ ಮೇಲೆ ವೈಸರ್ ಎತ್ತುವುದಲ್ಲ, ನಿಲ್ಲುವುದಕ್ಕೆ ಮುಂಚೆ ಎತ್ತುವುದು. ವೇಗ ತಗ್ಗಿಸುತ್ತಿರುವಾಗಲೇ ಒಂದು ಕ್ಲಿಕ್ ತೆರೆಯಿರಿ. ಹನಿ ಕೂತ ಮೇಲೆ ಅದನ್ನು ಒಣಗಿಸಲು ಹಿಡಿಯುವ ಹೊತ್ತು, ಕೂರುವ ಮೊದಲೇ ತಡೆಯುವುದಕ್ಕಿಂತ ಎಷ್ಟೋ ಜಾಸ್ತಿ. ಮತ್ತೆ ಹೊರಟು ಗಾಳಿ ಆಡತೊಡಗಿದ ಮೇಲೆ ಮುಚ್ಚಿಕೊಳ್ಳಿ.

ಹಲವು ವೈಸರ್‌ಗಳಲ್ಲಿ ಮೊದಲ ಕ್ಲಿಕ್ ಅಂದರೆ ಕೆಲವೇ ಮಿಲಿಮೀಟರ್ ಸಂದಿ. ಅಷ್ಟು ತೆರೆದುಕೊಂಡು ನಿಧಾನವಾಗಿ ಹೋಗುತ್ತಿದ್ದರೆ ಮಳೆಯಲ್ಲೂ ಒಳಗೆ ಜಾಸ್ತಿ ನೀರು ಬರುವುದಿಲ್ಲ, ಮಂಜೂ ಕಡಿಮೆ.

ಇಲ್ಲಿ ಬಹಳ ಜನಕ್ಕೆ ಗೊಂದಲ ಆಗುವ ಒಂದು ವಿಷಯ ಇದೆ. ಒಣ ಚಳಿಯಲ್ಲಿ ವೆಂಟ್ ತೆರೆದರೆ ಮಂಜು ಬೇಗ ಹೋಗುತ್ತದೆ, ಮಳೆಯಲ್ಲಿ ಎಲ್ಲ ವೆಂಟ್ ತೆರೆದರೂ ಹೋಗುವುದಿಲ್ಲ. ಯಾಕೆ? ಒಣ ಗಾಳಿಗೆ ಇನ್ನಷ್ಟು ನೀರು ಹೀರಿಕೊಳ್ಳಲು ಜಾಗ ಇರುತ್ತದೆ. ಮಳೆಯ ಗಾಳಿ ಆಗಲೇ ತುಂಬಿಕೊಂಡಿರುತ್ತದೆ. ಹೊರಗೆ 20 ಡಿಗ್ರಿ, ಗಾಳಿಯಲ್ಲಿ ಹಿಡಿಯುವಷ್ಟೂ ತೇವ ಇದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಆಗಲೇ 17 ಗ್ರಾಂ ಇದೆ. ಅದಕ್ಕೆ ನಿಮ್ಮ ಉಸಿರು ಚೂರು ಬೆರೆತರೂ ಇಬ್ಬನಿ ಬಿಂದು 20 ಡಿಗ್ರಿಯನ್ನು ದಾಟುತ್ತದೆ. ವೈಸರ್ ಕೂಡ 20 ಡಿಗ್ರಿಯಲ್ಲೇ ಇದೆ. ಅಂದ ಮೇಲೆ ಗಾಳಿ ಎಷ್ಟೇ ಆಡಿಸಿದರೂ ಮಂಜು ಕಡಿಮೆಯಾಗಬಹುದೇ ಹೊರತು ಪೂರ್ತಿ ನಿಲ್ಲುವುದಿಲ್ಲ. ಮಳೆಗಾಲದ ಮಂಜಿಗೆ ವೆಂಟ್ ಒಂದನ್ನೇ ನಂಬಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಹೆಲ್ಮೆಟ್ ಕೆಟ್ಟದ್ದು ಅಂತ ಬೈದುಕೊಳ್ಳುವ ಅಗತ್ಯವೂ ಇಲ್ಲ.

ಗದ್ದದ ಕೆಳಗೆ ಸಿಕ್ಕಿಸುವ ಚಿನ್ ಕರ್ಟನ್ ವಿಷಯದಲ್ಲೂ ಹೀಗೇ ಎರಡು ಮುಖ. ಅದು ಕೆಳಗಿಂದ ನುಗ್ಗುವ ಚಳಿಗಾಳಿಯನ್ನು, ಸದ್ದನ್ನು ತಡೆಯುತ್ತದೆ. ಜೊತೆಗೆ ಉಸಿರು ಕೆಳಗಿಂದ ಹೊರಗೆ ಹೋಗುವುದನ್ನೂ ತಡೆಯುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವರಿಗೆ ಅದು ಒಳ್ಳೆಯದು. ಊರೊಳಗೆ ನಿಂತು ನಿಂತು ಹೋಗುವವರು ಮಳೆಯ ದಿನ ಅದನ್ನು ತೆಗೆದಿಟ್ಟರೆ ವಾಸಿ.

ಮೂರನೆಯದು ಸೋಪಿನ ದಾರಿ. ಸೋಪು ನೀರಿನ ಹನಿಗಳನ್ನು ಹನಿಯಾಗಿ ನಿಲ್ಲಲು ಬಿಡುವುದಿಲ್ಲ, ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ ಅದನ್ನು ಚಪ್ಪಟೆಯಾಗಿ ಹರಡಿಸುತ್ತದೆ. ನೀರು ಕೂರುತ್ತದೆ, ಆದರೆ ಹಾಳೆಯಾಗಿ ಕೂರುತ್ತದೆ, ಹಾಗಾಗಿ ಆಚೆ ಕಾಣುತ್ತದೆ. ಅಂಗಡಿಯ ಆಂಟಿ-ಫಾಗ್ ಸ್ಪ್ರೇಗಳಲ್ಲಿ ಬಹುಪಾಲು ಮಾಡುವುದೂ ಇದೇ ಕೆಲಸವನ್ನು.

ಈ ಉಪಾಯ ಬಾಹ್ಯಾಕಾಶಕ್ಕೂ ಹೋಗಿ ಬಂದಿದೆ. 1966ರ ಜೂನ್ 5ರಂದು ಅಮೆರಿಕದ ಜೆಮಿನಿ 9ಎ ಯಾನದಲ್ಲಿ ಗಗನಯಾತ್ರಿ ಯೂಜೀನ್ ಸೆರ್ನಾನ್ ನೌಕೆಯಿಂದ ಹೊರಗೆ ಬಂದು ಎರಡು ಗಂಟೆಗೂ ಜಾಸ್ತಿ ಹೊತ್ತು ಇದ್ದರು. ಹಿಡಿದುಕೊಳ್ಳಲು ಸರಿಯಾದ ಆಸರೆ ಇಲ್ಲ, ಪ್ರತಿ ಚಲನೆಗೂ ವಿಪರೀತ ಶ್ರಮ, ಬೆವರು, ಏದುಸಿರು. ಸೂಟಿನ ತಂಪಿನ ವ್ಯವಸ್ಥೆಗೆ ಅಷ್ಟು ತೇವವನ್ನು ನಿಭಾಯಿಸಲು ಆಗಲಿಲ್ಲ. ವೈಸರ್ ಮಂಜು ಕಟ್ಟಿತು. ಒಳಗೆ ಕೈ ಹಾಕುವ ಮಾತೇ ಇಲ್ಲ. ಅವರು ಮೂಗಿನ ತುದಿಯಿಂದ ಉಜ್ಜಿ ಒಂದಿಷ್ಟು ಜಾಗ ಮಾಡಿಕೊಂಡು ಅಲ್ಲಿಂದ ನೋಡಬೇಕಾಯಿತು, ಅಂದಿನ ಮುಖ್ಯ ಪ್ರಯೋಗವನ್ನು ಅರ್ಧಕ್ಕೇ ಬಿಟ್ಟು ಒಳಗೆ ಬಂದರು. ಆಮೇಲೆ ವೈಸರ್ ಒಳಗೆ ಮಂಜು ತಡೆಯುವ ದ್ರಾವಣ ಸವರುವುದು ರೂಢಿಯಾಯಿತು. ನಾಸಾ ಮಾಡಿಕೊಂಡ ದ್ರಾವಣದಲ್ಲಿ ಇದ್ದದ್ದು ದ್ರವ ಡಿಟರ್ಜೆಂಟ್, ಶುದ್ಧ ನೀರು, ಬೆಂಕಿ ಹತ್ತದಂಥ ಒಂದು ಎಣ್ಣೆ.

ಇದರ ಇನ್ನೊಂದು ಮುಖವೂ ಬಾಹ್ಯಾಕಾಶದಲ್ಲೇ ಕಂಡಿತು. 2001ರ ಏಪ್ರಿಲ್‌ನಲ್ಲಿ ಕೆನಡಾದ ಕ್ರಿಸ್ ಹ್ಯಾಡ್‌ಫೀಲ್ಡ್ ಬಾಹ್ಯಾಕಾಶ ನಡಿಗೆಯಲ್ಲಿದ್ದಾಗ ವೈಸರಿಗೆ ಬಳಸಿದ್ದ ಮಂಜು ತಡೆಯುವ ದ್ರಾವಣ ಕಣ್ಣಿಗೆ ಸೇರಿ ಕಣ್ಣು ಉರಿದು, ನೀರು ತುಂಬಿಕೊಂಡು ಸ್ವಲ್ಪ ಹೊತ್ತು ಏನೂ ಕಾಣದಂತಾಗಿತ್ತು. ವೈಸರ್ ಒಳಗೆ ಸೋಪು ದಪ್ಪಗೆ ಬಳಿದುಕೊಂಡು ಮಳೆಗೆ ಹೊರಡುವವರು ಇದನ್ನು ನೆನಪಿಡಬೇಕು. ವೈಸರ್ ಮೇಲಂಚಿನ ರಬ್ಬರಿನ ಸಂದಿಯಿಂದ ಮಳೆನೀರು ಒಳಗೆ ಜಿನುಗಿದರೆ ಸೋಪು ಕರಗಿ ಕೆಳಗೆ ಇಳಿಯುತ್ತದೆ.

ಸರಿಯಾದ ವಿಧಾನ ಹೀಗಿದೆ. ಮೊದಲು ಉಗುರುಬೆಚ್ಚಗಿನ ನೀರಲ್ಲಿ ವೈಸರ್ ತೊಳೆದು ಎಣ್ಣೆ ಜಿಡ್ಡು ತೆಗೆಯಿರಿ. ಒಣಗಿದ ಮೇಲೆ ಮಕ್ಕಳ ಶಾಂಪೂ ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ಹನಿ ತೆಗೆದುಕೊಂಡು ಬೆರಳ ತುದಿಯಿಂದ ಒಳಮೈಗೆಲ್ಲ ತೆಳ್ಳಗೆ ಸವರಿ. ಸ್ವಲ್ಪ ಹೊತ್ತು ಬಿಟ್ಟು ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ, ಗೆರೆ ಒಂದೂ ಕಾಣದಂತೆ ಆಗುವ ತನಕ ಮೆಲ್ಲಗೆ ಉಜ್ಜಿ. ಕಣ್ಣಿಗೆ ಸೋಪೇ ಇಲ್ಲ ಅನ್ನಿಸಬೇಕು, ಅಷ್ಟು ತೆಳು ಪದರ ಸಾಕು. ಮಕ್ಕಳ ಶಾಂಪೂ ಯಾಕೆ ಅಂದರೆ ಅಕಸ್ಮಾತ್ ಕಣ್ಣಿಗೆ ಹೋದರೂ ಉರಿ ಕಡಿಮೆ. ಈ ಪದರ ಜಾಸ್ತಿ ದಿನ ಇರುವುದಿಲ್ಲ. ಒಂದು ಒಳ್ಳೆಯ ಒದ್ದೆ ಸವಾರಿಗೆ ತೊಳೆದುಹೋಗುತ್ತದೆ, ಮತ್ತೆ ಸವರಬೇಕು. ಶೇವಿಂಗ್ ಫೋಮ್ ಕೂಡ ಇದೇ ರೀತಿ ಕೆಲಸ ಮಾಡುತ್ತದೆ, ಒಳಗಿರುವುದೂ ಸೋಪೇ ತಾನೇ.

ಟೂತ್‌ಪೇಸ್ಟ್ ಬೇಡವೇ ಬೇಡ. ಅದರಲ್ಲಿ ಉಜ್ಜುವ ಪುಡಿ ಇರುತ್ತದೆ, ವೈಸರಿಗೆ ಗೀರು ಬೀಳುತ್ತದೆ. ಪೆಟ್ರೋಲ್, ಥಿನ್ನರ್, ಅಸಿಟೋನ್, ಅಮೋನಿಯಾ ಇರುವ ಗಾಜು ಕ್ಲೀನರ್ ಯಾವುದನ್ನೂ ಮುಟ್ಟಿಸಬೇಡಿ. ಇವು ಪಾಲಿಕಾರ್ಬೊನೇಟನ್ನು ಮಬ್ಬು ಮಾಡುತ್ತವೆ ಅಥವಾ ಒಳಗಿಂದಲೇ ಸಣ್ಣ ಸಣ್ಣ ಬಿರುಕು ಬಿಡಿಸುತ್ತವೆ. ಮೇಲ್ನೋಟಕ್ಕೆ ಏನೂ ಆಗಿಲ್ಲ ಅನ್ನಿಸಿದರೂ ಪೆಟ್ಟು ತಡೆಯುವ ಶಕ್ತಿ ಕುಗ್ಗಿರಬಹುದು. ಇನ್ನೊಂದು ಸಾಮಾನ್ಯ ತಪ್ಪು, ಮಳೆನೀರು ಜಾರಿಹೋಗಲಿ ಅಂತ ಹೊರಮೈಗೆ ಹಚ್ಚುವ ವ್ಯಾಕ್ಸನ್ನು ಒಳಗೂ ಹಚ್ಚುವುದು. ಹೊರಗೆ ನೀರು ಹನಿಯಾಗಿ ಉರುಳಿಹೋಗಬೇಕು, ಒಳಗೆ ನೀರು ಹನಿಯೇ ಆಗಬಾರದು. ಬೇಕಾದ ಗುಣ ಪೂರ್ತಿ ಉಲ್ಟಾ. ಒಳಗೆ ವ್ಯಾಕ್ಸ್ ಹಚ್ಚಿದರೆ ಮಂಜು ಇನ್ನೂ ಜಾಸ್ತಿಯಾಗುತ್ತದೆ.

ಕೆಲವು ವೈಸರ್‌ಗಳ ಮೇಲೆ ಆಂಟಿ-ಫಾಗ್ ಅಂತಲೇ ಬರೆದಿರುತ್ತದೆ. ಅದು ಸುಳ್ಳಲ್ಲ, ಆದರೆ ಎಷ್ಟು ನಿಜ ಅಂತ ತಿಳಿದಿರಲಿ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ, ಹೆಲ್ಮೆಟ್‌ಗಳ ಕುರಿತ 22ನೇ ನಿಯಮದಲ್ಲಿ ಮಂಜು ತಡೆಯುವ ವೈಸರ್ ಅನ್ನಿಸಿಕೊಳ್ಳಲು ಒಂದು ಪರೀಕ್ಷೆ ಇದೆ. ಬಿಸಿನೀರಿನ ಆವಿಗೆ ವೈಸರ್ ಒಡ್ಡಿ, 20 ಸೆಕೆಂಡ್ ತನಕ ಸಾಕಷ್ಟು ಸ್ವಚ್ಛವಾಗಿ ಕಾಣುತ್ತದೆಯೇ ಅಂತ ನೋಡುತ್ತಾರೆ. ಒಂದು ಗಂಟೆಯ ಮಳೆ ಸವಾರಿ ಬೇರೆ ವಿಷಯ. ಕಾರ್ಖಾನೆಯ ಲೇಪ ಹೊಸದಿದ್ದಾಗ ಚೆನ್ನಾಗಿರುತ್ತದೆ, ತೊಳೆದು ಒರೆಸಿದಂತೆಲ್ಲ ಸವೆಯುತ್ತದೆ.

ಇನ್ನು ನಾನು ನಿಜವಾದ ಪರಿಹಾರ ಅಂದದ್ದಕ್ಕೆ ಬರೋಣ. ವೈಸರ್ ಒಳಗೆ ಇನ್ನೊಂದು ತೆಳು ಹಾಳೆ ಕೂರಿಸಿ, ಎರಡರ ನಡುವೆ ಒಣ ಗಾಳಿಯ ಪದರ ಬಿಡುವುದು. ಗಾಳಿ ಶಾಖವನ್ನು ಬಹಳ ಕಡಿಮೆ ದಾಟಿಸುತ್ತದೆ, ಪಾಲಿಕಾರ್ಬೊನೇಟಿಗೆ ಹೋಲಿಸಿದರೆ ಸುಮಾರು ಎಂಟನೇ ಒಂದು ಭಾಗ. ಹಾಗಾಗಿ ಹೊರ ವೈಸರ್ ಎಷ್ಟೇ ತಣ್ಣಗಾದರೂ ಒಳ ಹಾಳೆ ಮುಖದ ಬಿಸಿಗೆ ಬೆಚ್ಚಗೇ ಉಳಿಯುತ್ತದೆ. ಉಸಿರು ಈಗ ತಾಗುವುದು ಈ ಬೆಚ್ಚನೆ ಹಾಳೆಗೆ. ಪಿನ್‌ಲಾಕ್ ಅನ್ನುವ ಹೆಸರಿನಲ್ಲಿ ಸಿಗುವುದು ಇದೇ. ಆ ಹಾಳೆಯ ಪ್ಲಾಸ್ಟಿಕ್ ತಾನೇ ಒಂದಿಷ್ಟು ತೇವವನ್ನು ಹೀರಿಕೊಳ್ಳುತ್ತದೆ ಕೂಡ, ಅಂದರೆ ಎರಡು ಕೆಲಸ ಒಟ್ಟಿಗೆ. 30, 70, 120 ಅಂತ ಮಟ್ಟಗಳಿವೆ. ಸಂಖ್ಯೆ ಏರಿದಂತೆ ಜಾಸ್ತಿ ಹೊತ್ತು ತಡೆಯುತ್ತದೆ.

ಇದನ್ನು ಕೂರಿಸುವ ಕೆಲಸ ಕಷ್ಟದ್ದಲ್ಲ, ಆದರೆ ಅವಸರ ಮಾಡಿದರೆ ಹಾಳು. ವೈಸರಿನ ಎರಡೂ ಬದಿಯಲ್ಲಿ ಚಿಕ್ಕ ಪಿನ್ ಇರಬೇಕು. ಪಿನ್ ಇಲ್ಲದ ವೈಸರಿಗೆ ಇದು ಬರುವುದಿಲ್ಲ, ಕೊಳ್ಳುವ ಮೊದಲು ನೋಡಿ. ವೈಸರನ್ನು ಹೆಲ್ಮೆಟ್‌ನಿಂದ ಬಿಚ್ಚಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ. ಹಾಳೆಯ ಅಂಚಿನ ಸುತ್ತ ಸಿಲಿಕಾನಿನ ಉಬ್ಬಿದ ಗೆರೆ ಇರುತ್ತದೆ. ಆ ಗೆರೆ ವೈಸರ್ ಕಡೆಗೆ ಬರಬೇಕು. ಹಾಳೆಯ ಒಂದು ತುದಿಯನ್ನು ಒಂದು ಪಿನ್ನಿಗೆ ಸಿಕ್ಕಿಸಿ, ವೈಸರನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಚಪ್ಪಟೆಯಾಗುವಂತೆ ಅಗಲಿಸಿ, ಇನ್ನೊಂದು ತುದಿಯನ್ನು ಎರಡನೇ ಪಿನ್ನಿಗೆ ಕೂರಿಸಿ, ಮೆಲ್ಲಗೆ ಬಿಡಿ. ವೈಸರ್ ಮತ್ತೆ ಬಾಗಿದಾಗ ಹಾಳೆ ಅದಕ್ಕೆ ಒತ್ತಿಕೊಳ್ಳುತ್ತದೆ.

ಈಗ ಅದನ್ನು ಬೆಳಕಿಗೆ ಹಿಡಿದು ಅಂಚನ್ನು ನೋಡಿ. ಸಿಲಿಕಾನ್ ಗೆರೆ ವೈಸರಿಗೆ ಒತ್ತಿಕೊಂಡ ಕಡೆ ಒದ್ದೆಯಾದಂತೆ, ಗಾಢವಾದ ಒಂದು ಪಟ್ಟಿ ಕಾಣುತ್ತದೆ. ಆ ಪಟ್ಟಿ ಎಲ್ಲೂ ತುಂಡಾಗದೆ ಸುತ್ತಲೂ ಬಂದಿರಬೇಕು. ಎಲ್ಲಾದರೂ ತೆಳುವಾಗಿದೆ, ಬಿಟ್ಟುಹೋಗಿದೆ ಅನ್ನಿಸಿದರೆ ಅಲ್ಲಿಂದ ಒದ್ದೆ ಗಾಳಿ ನಡುವೆ ನುಗ್ಗಿ, ಎರಡು ಪದರದ ಮಧ್ಯದಲ್ಲೇ ಮಂಜು ಕಟ್ಟುತ್ತದೆ, ಅದನ್ನು ಒರೆಸಲೂ ಆಗುವುದಿಲ್ಲ. ಬಹಳಷ್ಟು ವೈಸರ್‌ಗಳ ಪಿನ್ ನಡು ತಪ್ಪಿಸಿ ಮಾಡಿದ್ದಿರುತ್ತದೆ, ತಿರುಗಿಸಿದರೆ ಹಾಳೆಯ ಬಿಗಿ ಹೆಚ್ಚುತ್ತದೆ. ಎರಡೂ ಬದಿ ಸಮನಾಗಿ, ಚೂರು ಚೂರೇ ತಿರುಗಿಸಿ. ತೀರಾ ಬಿಗಿ ಮಾಡಿದರೆ ಹಾಳೆ ಸೊಟ್ಟಗಾಗಿ ಇನ್ನೊಂದು ಕಡೆ ಬಿಟ್ಟುಕೊಳ್ಳುತ್ತದೆ. ಎಲ್ಲ ಸರಿಯಾದ ಮೇಲೆ ಮೇಲಿನ ರಕ್ಷಣೆಯ ಫಿಲ್ಮ್ ಕಿತ್ತುಬಿಡಿ. ಇದನ್ನು ಕೀಳಲು ಮರೆತು ಏನೂ ಸರಿಯಾಗಿ ಕಾಣುತ್ತಿಲ್ಲ ಅಂತ ದೂರುವವರೂ ಇದ್ದಾರೆ.

ಹಾಳೆ ಬಹಳ ಮೆತ್ತಗೆ, ಉಗುರು ತಾಗಿದರೂ ಗೀರು ಬೀಳುತ್ತದೆ. ಕೊಳೆಯಾದರೆ ನೀರಲ್ಲಿ ನೆಂದ ಮೆತ್ತನೆ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಸ್ಪ್ರೇ, ವ್ಯಾಕ್ಸ್ ಯಾವುದೂ ಇದರ ಮೇಲೆ ಬೇಡ. ತೇವ ಹೀರಿ ಹೀರಿ ತುಂಬಿಕೊಂಡ ಮೇಲೆ ಇದೂ ಸೋಲುತ್ತದೆ, ಆದ್ದರಿಂದ ಉದ್ದ ಮಳೆ ಸವಾರಿಯ ನಂತರ ವೈಸರ್ ತೆರೆದಿಟ್ಟು ಒಣಗಲು ಬಿಡಿ. ರಾತ್ರಿ ದೀಪಗಳ ಸುತ್ತ ಮಂಕಾದ ಎರಡನೇ ಪ್ರತಿಬಿಂಬ ಕಾಣಬಹುದು, ಎರಡು ಪದರ ಇರುವಲ್ಲಿ ಅದು ಇದ್ದದ್ದೇ. ಹಾಳೆ ಚಿಕ್ಕದಿದ್ದರೆ ಅದರ ಅಂಚಿನ ಹೊರಗೆ ಮಂಜು ಕಟ್ಟುತ್ತದೆ, ಹಾಗಾಗಿ ಕಣ್ಣಿನ ಪೂರ್ತಿ ನೋಟ ಮುಚ್ಚುವಷ್ಟು ದೊಡ್ಡದು ಸಿಕ್ಕರೆ ಅದನ್ನೇ ಆರಿಸಿ. ವಿಪರೀತ ಹಿಮದ ಜಾಗಗಳಲ್ಲಿ ವಿದ್ಯುತ್ತಿನಿಂದ ಬಿಸಿಯಾಗುವ ವೈಸರ್‌ಗಳೂ ಇವೆ, ಮಿಕ್ಕವರಿಗೆ ಅಷ್ಟರ ಅಗತ್ಯ ಇಲ್ಲ.

ಏನು ಕೊಳ್ಳಬೇಕು ಅಂತ ನಿರ್ಧರಿಸುವ ಮುಂಚೆ ನಿಮ್ಮ ವೈಸರಿನಲ್ಲಿ ಮಂಜು ಎಲ್ಲಿಂದ ಶುರುವಾಗುತ್ತದೆ ಅಂತ ಗಮನಿಸಿ. ನಡುವಿನ ಕೆಳಭಾಗದಿಂದ ಮೇಲಕ್ಕೆ ಏರುತ್ತಿದ್ದರೆ ಅದು ಉಸಿರು, ಬ್ರೆತ್ ಗಾರ್ಡ್ ಸರಿಯಾಗಿ ಕೂತಿಲ್ಲ. ಎಲ್ಲ ಕಡೆಯಿಂದ ಒಟ್ಟಿಗೆ ಬೆಳ್ಳಗಾಗುತ್ತಿದ್ದರೆ ಪ್ಯಾಡ್ ಒದ್ದೆಯಾಗಿರಬಹುದು. ಎರಡು ಪದರದ ನಡುವೆ ಇದ್ದರೆ ಸಿಲಿಕಾನ್ ಅಂಚಿನ ತಪ್ಪು. ಹೊರಗಿಂದ ಒರೆಸಿದಾಗ ಹೋಗುತ್ತಿದ್ದರೆ ಅದು ಹೊರಮೈಯ ಮಂಜು. ತಂಪಾದ ಜಾಗದಲ್ಲಿಟ್ಟಿದ್ದ ಹೆಲ್ಮೆಟ್ ತೆಗೆದುಕೊಂಡು ಸೆಕೆಯ ಹವೆಗೆ ಬಂದಾಗ, ಕಾವಳದ ನಡುವೆ ಹೋಗುವಾಗ ಹೀಗಾಗುತ್ತದೆ. ಅದಕ್ಕೆ ಒಳಗಿನ ಯಾವ ಔಷಧವೂ ನಾಟುವುದಿಲ್ಲ, ಹೊರಗೆ ಒರೆಸಿದರೆ ಸಾಕು.

ಕನ್ನಡಕ ಹಾಕುವವರಿಗೆ ಕಷ್ಟ ಇಮ್ಮಡಿ. ವೈಸರ್ ಒಳಗೆ ಎರಡು ಪದರ ಹಾಕಿ ಅದು ಸ್ವಚ್ಛವಾಗಿದ್ದರೂ ಕನ್ನಡಕ ಮಬ್ಬಾಗಬಹುದು, ಯಾಕೆಂದರೆ ಹೊರಗಿನ ತಣ್ಣನೆ ಗಾಳಿ ತಾಗಿ ಕನ್ನಡಕದ ಗಾಜೂ ತಣ್ಣಗಾಗಿರುತ್ತದೆ. ಹೆಲ್ಮೆಟ್ ಹಾಕಿ ವೈಸರ್ ಮುಚ್ಚಿದ ಮೊದಲ ಕೆಲವು ನಿಮಿಷ ಇದು ಜಾಸ್ತಿ. ಆಮೇಲೆ ಮುಖದ ಬಿಸಿಗೆ ಗಾಜು ಬೆಚ್ಚಗಾಗಿ ಕಡಿಮೆಯಾಗುತ್ತದೆ. ಹಾಗಾಗಿ ಹೊರಡುವ ಮುಂಚೆ ಬೈಕ್ ನಿಲ್ಲಿಸಿದ ಜಾಗದಲ್ಲೇ ಹೆಲ್ಮೆಟ್ ಹಾಕಿಕೊಂಡು, ವೈಸರ್ ಒಂದು ಕ್ಲಿಕ್ ತೆರೆದು, ಗಾಜು ತಿಳಿಯಾಗುವ ತನಕ ಕಾಯಿರಿ. ಕನ್ನಡಕಕ್ಕೆ ಅಂತಲೇ ಸಿಗುವ ಮಂಜು ತಡೆಯುವ ಬಟ್ಟೆಯಿಂದ ಒರೆಸಿಕೊಳ್ಳಿ, ವೈಸರಿನ ಸ್ಪ್ರೇ ಕನ್ನಡಕದ ಲೇಪಕ್ಕೆ ಹೊಂದುತ್ತದೆ ಅಂತ ಹೇಳಲಾಗದು. ಬ್ರೆತ್ ಗಾರ್ಡ್ ಇವರಿಗೆ ಬೇಕೇ ಬೇಕು, ಉಳಿದವರಿಗಿಂತ ಜಾಸ್ತಿ. ದಾರಿಯಲ್ಲಿ ಎರಡೂ ಒಟ್ಟಿಗೆ ಮಬ್ಬಾದರೆ ಒರೆಸಿಕೊಂಡೇ ಮುಂದೆ ಹೋಗುವ ಪ್ರಯತ್ನ ಬೇಡ. ವೇಗ ತಗ್ಗಿಸಿ, ವೈಸರ್ ಎತ್ತಿ, ಇಂಡಿಕೇಟರ್ ಹಾಕಿ, ರಸ್ತೆಯಿಂದ ಪೂರ್ತಿ ಆಚೆ ನಿಲ್ಲಿಸಿ, ಹೆಲ್ಮೆಟ್ ತೆಗೆದು ಗಾಜು ಒಣಗಿಸಿಕೊಂಡು ಮತ್ತೆ ಹೊರಡಿ.